ಪಿತ್ರಾರ್ಜಿತ ಮೋಟಾರು ಸೈಕಲ್ಲು

ಪಿತ್ರಾರ್ಜಿತವೆಂದೊಡನೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ತೋಟ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಒಬ್ಬ ಗೃಹಸ್ಥನ ಸ್ಥಿತಿಯನ್ನು ತಿಳಿಯಬೇಕಾದರೆ ಎಷ್ಟು ಮರ ಎಂದು ಕೇಳುವರೇ ಹೊರತು ಎಷ್ಟು ಹಣ ಎಂದು ಕೇಳುವ ವಾಡಿಕೆಯಿಲ್ಲ. ಮರವನ್ನು ಹಂಚಿಕೊಳ್ಳುವ ಕ್ರಮ ಎಲ್ಲರಿಗೂ ಗೊತ್ತು. ಆದರೆ ತಂದೆಯು ಬಿಟ್ಟುಹೋದ ಒಂದು ಯಂತ್ರವನ್ನು ಮಗನು ಹೇಗೆ ಕೈಗೆ ತೆಗೆದುಕೊಳ್ಳಬೇಕೆಂಬ ಪ್ರಶ್ನೆಯನ್ನು ಈ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ನಮ್ಮ ಮುಂದಿಟ್ಟನು. ನಾವು ಸಂಸ್ಕೃತವನ್ನು ಕಲಿಸಿ ಕಾಲ ಕಳೆದವರು. ಯಂತ್ರಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಆದರೂ ಇಪ್ಪತ್ತು ವರ್ಷಗಳ ಕಾಲ ಅದೇ ಜಾತಿಯ ವಾಹನದ ಮೇಲೆ ಪಾಠಶಾಲೆಗೆ ಹೋಗಿ ಬಂದವರಾದುದರಿಂದ ಅದರ ಗುಣಾವಗುಣಗಳು ನಮಗೆ ಅಷ್ಟಿಷ್ಟು ತಿಳಿದಿವೆ.

ಶಿಷ್ಯನ ತಂದೆ ಹೋದ ವರ್ಷ ತೀರಿಕೊಂಡರು. ಅವರ ಜಾವಾ ಮೋಟಾರು ಸೈಕಲ್ಲು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಕೊಬ್ಬರಿ ಅಟ್ಟದ ಕೆಳಗೆ ನಿಂತಿದ್ದಿತು. ಅಟ್ಟದ ಪರಿಚಯವಿಲ್ಲದ ವಾಚಕರಿಗಾಗಿ ಒಂದು ಮಾತು. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆಯೊಡನೆಯೇ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇರಿಸುವರು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗುವುದು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಇದೇ. ಕಾಯಿಗೆ ಒಳ್ಳೆಯದಾದ ಈ ವಾಸವು ಕಬ್ಬಿಣಕ್ಕೆ ಒಳ್ಳೆಯದಲ್ಲ. ವಾಹನವನ್ನು ಹೊರಕ್ಕೆ ತಂದಾಗ ಅದರ ಮೇಲೆ ಒಂದು ಬೆರಳಿನಷ್ಟು ಧೂಳಿತ್ತು. ಗಾಳಿಯನ್ನು ಸೋಸುವ ಡಬ್ಬಿಯೊಳಗೆ ಇಲಿಗಳು ತೆಂಗಿನ ನಾರಿನಿಂದ ಅಂದವಾದ ಗೂಡನ್ನು ಕಟ್ಟಿದ್ದುವು. ಪೆಟ್ರೋಲಿನ ಟ್ಯಾಂಕಿನೊಳಗೆ ತುಕ್ಕು ಹಪ್ಪಳದಂತೆ ಎದ್ದಿತ್ತು.

‘ಜಾವಾ’ ಎಂಬುದು ದ್ವೀಪದ ಹೆಸರೆಂದು ಅನೇಕರು ತಿಳಿದಿರುವರು, ಹಾಗಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಭಾಗವನ್ನೂ ಆ ಕಂಪೆನಿಯ ಹೆಸರಿನ ಮೊದಲ ಭಾಗವನ್ನೂ ಕೂಡಿಸಿದನು. ಅವರ ನಾಡಿನ ಉಚ್ಚಾರದಲ್ಲಿ ಅದು ‘ಯಾವಾ’. ಯಕಾರವು ಜಕಾರವಾಗುವುದು ಪ್ರಾಕೃತದ ಹಳೆಯ ರೂಢಿಯಾದುದರಿಂದ ನಮ್ಮವರು ‘ಜಾವಾ’ ಎಂದುದರಲ್ಲಿ ನಮಗೆ ಆಶ್ಚರ್ಯವಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ‘ಯೆಜ್ಡಿ’ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಹೆಸರು ಮರಳಿ ಬಂದಿತಾದರೂ ಈ ಹೊಸ ವಾಹನಗಳು ನಾಲ್ಕು ಹೊಡೆತದ ಯಂತ್ರಗಳು. ಅವುಗಳ ಯಂತ್ರಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಅಂಗಡಿಗೆ ಹೋಗಿ ಬರಿದೆ ಜಾವಾ ಎಂದು ಕೇಳುವವರು ಇದನ್ನು ನೆನಪಿನಲ್ಲಿಡಬೇಕು.

ಶಿಷ್ಯನಿಗೆ ಇದ್ದ ಆಸೆ ದೊಡ್ಡದು. ವಾಹನವು ಹುಟ್ಟಿದ ಮೈಸೂರಿಗೆ ಅದನ್ನು ಒಮ್ಮೆ ಕೊಂಡೊಯ್ಯಬೇಕು; ಆಮೇಲೆ ಶಿರಾಡಿ ಘಟ್ಟವನ್ನು ಇಳಿದು ಸಮುದ್ರವನ್ನು ನೋಡಬೇಕು. ಅದಕ್ಕಾಗಿ ಮೊದಲು ಬಣ್ಣ, ಆಮೇಲೆ ಕ್ರೋಮಿನ ಹೊಳಪು, ಆಮೇಲೆ ಉಳಿದುದು ಎಂದು ಪಟ್ಟಿ ಮಾಡಿಕೊಂಡು ಬಂದಿದ್ದನು. ದೇವಾಲಯದ ಜೀರ್ಣೋದ್ಧಾರದಲ್ಲಿ ಕೂಡ ಮೊದಲು ಕಲಾಕರ್ಷಣೆಯನ್ನು ಮಾಡಿ ದೇವರ ಸಾನ್ನಿಧ್ಯವನ್ನು ಕಲಶದಲ್ಲಿ ಕಾಪಾಡಿಕೊಳ್ಳುವರು. ಗೋಪುರಕ್ಕೆ ಬಣ್ಣ ಬಳಿಯುವುದು ಕಟ್ಟಕಡೆಗೆ. ಈ ಪಟ್ಟಿಯನ್ನು ತಲೆಕೆಳಗು ಮಾಡೆಂದು ನಾವು ಹೇಳಿದೆವು. ಅವನು ನಕ್ಕು, ಒಪ್ಪಿದಂತೆ ತೋರಿಸಿ, ಪೇಟೆಯ ಮೆಕ್ಯಾನಿಕ್ಕನೊಬ್ಬನಿಗೆ ವಾಹನವನ್ನು ಕೊಟ್ಟು ಹೋದನು.

ಒಂದು ತಿಂಗಳ ಮೇಲೆ ಅದು ಓಡಿತು. ಹೊಸ ಬ್ಯಾಟರಿ, ಹೊಸ ಪ್ಲಗ್ಗು, ಹೊಸ ಟೈರುಗಳು, ಸೋಸಿ ತೊಳೆದ ಟ್ಯಾಂಕು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ತಿರುಗಿಸಿ ಗೇರಿನ ಕೋಲಾಗಿ ಮಾಡಿಕೊಳ್ಳುವ ಆ ಚಮತ್ಕಾರವನ್ನು ನೋಡಲು ಬೀದಿಯ ಮಕ್ಕಳೆಲ್ಲ ಕೂಡಿದರು. ಶಿಷ್ಯನು ತುರುವೇಕೆರೆಯಿಂದ ಕೆ.ಬಿ. ಕ್ರಾಸಿನ ಕಡೆಗೆ ಹೊರಟನು. ನಡುದಾರಿಯಲ್ಲಿ ಯಂತ್ರದ ಸದ್ದು ಒಮ್ಮೆಗೇ ಬಿಗಿಯಾಯಿತು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ಇಳಿಯಿತು. ಮರುಕ್ಷಣದಲ್ಲಿ ಹಿಂದಿನ ಚಕ್ರ ತಿರುಗದೆ ರಸ್ತೆಯನ್ನು ಉಜ್ಜಿಕೊಂಡು ಹೋಯಿತು. ಹಿಂದೆ ಎಳನೀರಿನ ಲಾರಿಯೊಂದು ಬರುತ್ತಿದ್ದಿತು. ಲಾರಿಯವನು ಎಚ್ಚರದಿಂದಿದ್ದುದರಿಂದ ಮೊಣಕೈಯ ಚರ್ಮ ಹೋದುದರಲ್ಲಿಯೇ ಅನರ್ಥವು ಮುಗಿಯಿತು. ಅಲ್ಲಿಂದಲೇ ನಮಗೆ ಫೋನು ಮಾಡಿದನು.

“ಆಯಿಲ್ ಹಾಕಿದ್ದೆಯೇನಯ್ಯ?” ಎಂದು ಕೇಳಿದೆವು.

“ಹಾಕಿಸಿದ್ದೆ ಮೇಷ್ಟ್ರೇ. ಗೇರ್ ಬಾಕ್ಸಿಗೆ ಹೊಸದನ್ನೇ ತುಂಬಿಸಿದ್ದೆ.”

“ಪೆಟ್ರೋಲಿಗೆ?”

ಉತ್ತರ ಬರಲಿಲ್ಲ.

ಈ ತಪ್ಪಿಗಾಗಿ ಅವನನ್ನು ಹಳಿಯಲು ನಮಗೆ ಮನಸ್ಸು ಬಾರದು. ಅವನ ತಲೆಮಾರಿನವರು ಬಲ್ಲುದು ನಾಲ್ಕು ಹೊಡೆತದ ಯಂತ್ರವನ್ನು. ಅದರಲ್ಲಿ ಆಯಿಲು ಯಂತ್ರದ ಅಡಿಯಲ್ಲಿ ನಿಂತು ಸುತ್ತುತ್ತಿರುವುದು. ಒಮ್ಮೆ ತುಂಬಿದರೆ ಸಾವಿರಾರು ಕಿಲೋಮೀಟರು ನಿಶ್ಚಿಂತೆ. ಜಾವಾ ಎರಡು ಹೊಡೆತದ್ದು. (‘ದ್ವಿಘಾತ ಯಂತ್ರ’ವೆಂಬ ಪದವನ್ನು ನಾವೇ ಕಟ್ಟಿ ಅಂಗಡಿಯಲ್ಲಿ ಬಳಸಿ ನೋಡಿದೆವು, ಅಂಗಡಿಯವನು ಔಷಧದ ಅಂಗಡಿಯನ್ನು ತೋರಿಸಿದನು.) ಇದರ ಪಿಸ್ಟನ್ನಿನ ಕೆಳಗಿನ ಕೋಣೆಗೆ ಮೊದಲು ಪೆಟ್ರೋಲೂ ಗಾಳಿಯೂ ಬೆರೆತು ಬಂದು, ಅಲ್ಲಿಂದ ಮೇಲಕ್ಕೆ ಹೋಗಿ ಉರಿಯುವುವು. ಆ ಕೋಣೆಯಲ್ಲಿ ಆಯಿಲನ್ನು ನಿಲ್ಲಿಸಲು ಸಾಧ್ಯವಿಲ್ಲವಾದುದರಿಂದ ಪೆಟ್ರೋಲಿನಲ್ಲಿಯೇ ಕಲಸಿ ಕಳುಹಿಸಬೇಕು. ಗೇರಿನ ಆಯಿಲು ಗೇರಿಗೆ ಮಾತ್ರ. ಪಿಸ್ಟನ್ನಿಗೆ ಅದರ ಒಂದು ತೊಟ್ಟೂ ತಲಪುವುದಿಲ್ಲ, ತಲಪಲೂ ಕೂಡದು. ಬರಿಯ ಪೆಟ್ರೋಲಿನಲ್ಲಿ ಓಡಿದ ಪಿಸ್ಟನ್ನು ಕಾದು, ಉಬ್ಬಿ, ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುವುದು. ಹಾಗೆ ಹಿಡಿಯುವ ಸೂಚನೆ ಕಂಡೊಡನೆ ಎಡಗೈಯ ಕ್ಲಚ್ಚನ್ನು ಒತ್ತಿ ಚಕ್ರವನ್ನು ಯಂತ್ರದಿಂದ ಬಿಡಿಸಿಕೊಂಡು ಬದಿಗೆ ನಿಲ್ಲಿಸಬೇಕು. ತಣ್ಣಗಾಗುವವರೆಗೆ ಕಿಕ್ಕನ್ನು ಮುಟ್ಟಬಾರದು. ಇಂತಹ ವಾಹನವನ್ನು ಹತ್ತುವವರೆಲ್ಲರೂ ಇದನ್ನು ಮೊದಲ ಪಾಠವಾಗಿ ಕಲಿಯತಕ್ಕದ್ದು.

ಸಿಲಿಂಡರನ್ನು ತುಮಕೂರಿಗೆ ಕಳುಹಿಸಿ ಬೋರ್ ಮಾಡಿಸಿ, ಸ್ವಲ್ಪ ದಪ್ಪನಾದ ಪಿಸ್ಟನ್ನನ್ನು ಹಾಕಿಸಿದ್ದಾಯಿತು. ಯಂತ್ರವನ್ನು ಬಿಚ್ಚಿದ್ದಾಗಲೇ ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳನ್ನೂ ಬದಲಾಯಿಸಿದರು. ಇದು ಮೊದಲೇ ಆಗಬೇಕಾಗಿದ್ದ ಕೆಲಸ. ವರ್ಷಗಟ್ಟಲೆ ನಿಂತ ವಾಹನದಲ್ಲಿ ಅವು ಗಟ್ಟಿಯಾಗಿ ಬಿರಿದಿರುವುವು. ಗೇರಿನ ಬದಿಯದು ಸೋರಿದರೆ ಗೇರಿನ ಆಯಿಲನ್ನು ಹೀರಿ ದಟ್ಟವಾದ ಹೊಗೆಯನ್ನು ಬಿಡುವುದು. ಇನ್ನೊಂದು ಬದಿಯದು ಸೋರಿದರೆ ಹೊರಗಿನ ಗಾಳಿಯನ್ನು ಹೀರಿ, ಮಿಶ್ರಣವು ತೆಳುವಾಗಿ, ಆಯಿಲು ಸರಿಯಾಗಿದ್ದರೂ ಪಿಸ್ಟನ್ನು ಮತ್ತೆ ಹಿಡಿಯುವುದು. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವನ್ನೆಲ್ಲ ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಅಡಿಗೆಯ ಮನೆಗೆ ಸಲ್ಲುವುದೇ ಹೊರತು ಹಳೆಯ ಯಂತ್ರಕ್ಕೆ ಸಲ್ಲದು.

ಇನ್ನು ಆಯಿಲಿನ ಪ್ರಮಾಣವೆಷ್ಟು? ಮೆಕ್ಯಾನಿಕ್ಕನು ಒಂದು ಹೇಳಿದನು, ಶಿಷ್ಯನ ಸ್ನೇಹಿತರು ಇನ್ನೊಂದು ಹೇಳಿದರು. ನಾವು ಅವನ ಮನೆಯ ಜಗಲಿಯಲ್ಲಿ ಕುಳಿತು ಈ ಚರ್ಚೆಯನ್ನು ನಡೆಸುತ್ತಿದ್ದಾಗ ಅವನ ತಾಯಿ ಕಾಫಿಯನ್ನು ತಂದಿಟ್ಟು, “ಮೂರು ಲೀಟರಿಗೆ ಒಂದು ಚಿಪ್ಪು ಅಲ್ವೇ ಮೇಷ್ಟ್ರೇ?” ಎಂದರು.

ಯಾವ ಚಿಪ್ಪು ಎಂದು ಕೇಳಿದೆವು. ಆಕೆ ಒಳಕ್ಕೆ ಹೋಗಿ ಗೂಡಿನಿಂದ ಒಂದು ಸಣ್ಣ ತೆಂಗಿನ ಚಿಪ್ಪನ್ನು ತಂದರು. ಉಜ್ಜಿ ನಯಮಾಡಿದ್ದು, ಒಳಗೆ ಚಾಕುವಿನಿಂದ ಕೊರೆದ ಒಂದು ಗೆರೆ. ಯಜಮಾನರು ಪ್ರತಿ ಸಲವೂ ಕೈಗೆ ಜಿಡ್ಡಾಗುವುದೆಂದು ಈಕೆಯಿಂದಲೇ ಅಳೆಸಿ ಸುರಿಸುತ್ತಿದ್ದರಂತೆ. ಮಗುವಿನ ಔಷಧದ ಅಳತೆಯಿಂದ ನೀರನ್ನು ತುಂಬಿ ನೋಡಿದೆವು: ಗೆರೆಯವರೆಗೆ 120 ಮಿಲಿಲೀಟರು. ಎಂದರೆ ಲೀಟರಿಗೆ 40. ಒಂದಕ್ಕೆ ಇಪ್ಪತ್ತೈದರ ಲೆಕ್ಕ. ಆ ಕಾಲದ ಜಾವಾಗಳಿಗೆ ವಾಡಿಕೆಯಲ್ಲಿದ್ದ ಪ್ರಮಾಣವೇ ಅದು. ವಾಹನವು ಅಟ್ಟದ ಕೆಳಗಿನಿಂದ ಹೊರಬಂದ ದಿನದಿಂದ ಎಷ್ಟೋ ಜನರನ್ನು ಕೇಳಿದ್ದ ಶಿಷ್ಯನು ಮನೆಯಲ್ಲಿದ್ದ ಈ ಒಬ್ಬರನ್ನು ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಅದಕ್ಕಾಗಿ ನಮಗೆ ನಾಚಿಕೆಯಾಯಿತು.

ಆಕೆಗೆ ತಿಳಿದುದು ಅಷ್ಟೇ ಆಗಿರಲಿಲ್ಲ. ಆಯಿಲನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ, ಕ್ಯಾನಿನಲ್ಲಿ ಸ್ವಲ್ಪ ಪೆಟ್ರೋಲಿನೊಡನೆ ಅಲುಗಿಸಿ ಆಮೇಲೆ ಹಾಕಬೇಕೆಂದರು. ಅದು ಸರಿ, ಆಯಿಲು ಭಾರವಾದುದರಿಂದ ಬೆರೆಯುವ ಮುನ್ನ ತಳಕ್ಕಿಳಿಯುವುದು. ಟ್ಯಾಂಕಿನ ಬಲಬದಿಯಲ್ಲಿದ್ದ ತಗ್ಗನ್ನು ಮಗನು ತೆಗೆಸಬೇಕೆಂದಿದ್ದನು. “ಅದು ನೀನು ಹುಟ್ಟಿದ ವರ್ಷ ಕಾಯಿ ಬಿದ್ದು ಆದದ್ದು ಕಣಪ್ಪ. ನಿಮ್ಮಪ್ಪ ಹತ್ತಿ ಕೂತು ಇಳಿದ ಗಳಿಗೆಗೆ ಸರಿಯಾಗಿ ಬಿತ್ತು,” ಎಂದರು. ಬಣ್ಣದ ಪಟ್ಟಿಯನ್ನು ಶಿಷ್ಯನು ಆಮೇಲೆ ನಮ್ಮೆದುರಿಗೆ ತೆಗೆಯಲಿಲ್ಲ.

ಘಟ್ಟದ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನ ಬಲದಿಂದಲೇ ವೇಗವನ್ನು ತಡೆಯುತ್ತ ಇಳಿಯುವುದು ಇತರ ವಾಹನಗಳಿಗೆ ಒಳ್ಳೆಯ ಅಭ್ಯಾಸ. ಎರಡು ಹೊಡೆತದ ಯಂತ್ರದಲ್ಲಿ ಪೆಟ್ರೋಲು ನಿಂತರೆ ಆಯಿಲೂ ನಿಂತಿತು. ಚಕ್ರವು ಮಾತ್ರ ಪಿಸ್ಟನ್ನನ್ನು ಒಣಗಿದ ಗೋಡೆಯ ಮೇಲೆ ಓಡಿಸುತ್ತಲೇ ಇರುವುದು. ಆದುದರಿಂದ ನಡುನಡುವೆ ಆಕ್ಸಿಲರೇಟರನ್ನು ಒಮ್ಮೆ ತೆರೆದು ಮುಚ್ಚುತ್ತಿರಬೇಕು; ಬ್ರೇಕುಗಳ ಲೈನಿಂಗು ಹೊಸದಾಗಿರಬೇಕು. ಆರು ವೋಲ್ಟಿನ ದೀಪವು ಇಂದಿನ ಹೆದ್ದಾರಿಗೆ ಸಾಲದು. ಹೊತ್ತು ಮುಳುಗುವುದರೊಳಗೆ ಊರು ಸೇರತಕ್ಕದ್ದು. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದು. ಅದು ನೀರನ್ನು ಹೀರುವ ಸ್ವಭಾವದ್ದು, ಹಳೆಯ ರಬ್ಬರಿಗೆ ಹಗೆ. ಪೆಟ್ರೋಲಿನ ಕೊಳವೆಯನ್ನು ಹೊಸದು ಮಾಡಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡುವುದು ಕ್ಷೇಮ.

ಕಾಗದಪತ್ರಗಳ ವಿಷಯವನ್ನು ಗೃಹಸ್ಥರು ಅಲಕ್ಷ್ಯ ಮಾಡುವರು. ಮಾಲೀಕರು ತೀರಿಕೊಂಡರೆ ವಾಹನವನ್ನು ಉಪಯೋಗಿಸಬೇಕೆಂದಿರುವ ವಾರಸುದಾರನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕು. ನೋಂದಣಿಯ ಮೊದಲ ಅವಧಿ 15 ವರ್ಷ. ಆಮೇಲೆ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮವು 2021ರಲ್ಲಿ ಬಂದಿದೆ. ಹೆಸರು ಗೌರವದ್ದೆಂದು ಶಿಷ್ಯನು ಅದಕ್ಕೆ ಮನಸೋತಿದ್ದನು. ಹಾಗೆ ನೋಂದಾಯಿಸಿದ ವಾಹನವು ಪ್ರದರ್ಶನಕ್ಕೂ ಅಂತಹವುಗಳ ರ‍್ಯಾಲಿಗೂ ಹೋಗಬಹುದೇ ಹೊರತು ನಿತ್ಯದ ಓಡಾಟಕ್ಕೆ ಸಲ್ಲದು. ದೇಶ ಸುತ್ತಬೇಕೆನ್ನುವವನಿಗೆ ಸಾಮಾನ್ಯ ನವೀಕರಣವೇ ಮೇಲು.

ಹೊಸ ಪಿಸ್ಟನ್ನು ಪಳಗುವವರೆಗೆ ಶಿಷ್ಯನು ನಿಧಾನವಾಗಿ ಹತ್ತಿರದ ಊರುಗಳಿಗೆ ಹೋಗಿ ಬಂದನು. ಒಮ್ಮೆ ನಮ್ಮನ್ನೂ ಹಿಂದೆ ಕೂರಿಸಿಕೊಂಡು ಅರಳಗುಪ್ಪೆಗೆ ಕರೆದೊಯ್ದನು. ಅಲ್ಲಿನ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಚಾವಣಿಯಲ್ಲಿರುವ ನಟರಾಜನನ್ನೂ ದಿಕ್ಪಾಲಕರನ್ನೂ ನೋಡಿ ಕತ್ತು ನೋಯಿಸಿಕೊಂಡೆವು. ಮೈಸೂರಿನ ದಾರಿಯು ತುರುವೇಕೆರೆಯಿಂದ ಮಾಯಸಂದ್ರ, ನಾಗಮಂಗಲ, ಶ್ರೀರಂಗಪಟ್ಟಣಗಳ ಮೇಲೆ ಹೋಗುವುದು.

ಹೊರಡುವ ದಿನ ಬೆಳಗ್ಗೆ ನಾವೂ ಹೋಗಿದ್ದೆವು. ಬಿಡಿ ಪ್ಲಗ್ಗು, ಕ್ಲಚ್ಚಿನ ತಂತಿ, ಚೈನಿನ ಕೊಂಡಿ, ಆಯಿಲಿನ ಡಬ್ಬಿ ಎಲ್ಲವನ್ನೂ ಶಿಷ್ಯನು ಚೀಲದಲ್ಲಿ ಜೋಡಿಸಿ, ಕೊನೆಗೆ ಚಿಪ್ಪಿಗಾಗಿ ಕೈ ನೀಡಿದನು. ತಾಯಿ ಅದನ್ನು ಕೊಡದೆ ಒಂದು ಸ್ಟೀಲಿನ ಲೋಟವನ್ನು ಕೊಟ್ಟರು. ಚಿಪ್ಪಿನಿಂದಲೇ ಅಳೆದು, ಅಷ್ಟಕ್ಕೆ ಸರಿಯಾಗಿ ಲೋಟದೊಳಗೆ ಮೊಳೆಯಿಂದ ಗೆರೆ ಎಳೆದಿದ್ದರು.

“ಅದು ದಾರೀಲಿ ಒಡೆದೀತು. ಇಲ್ಲೇ ಇರಲಿ,” ಎಂದರು.