ಗುಡಿಗೆ ಬಣ್ಣ ಬೇಡ, ಅಕ್ಷರ ಉಳಿಸಿರಿ

ಹೋದ ವರ್ಷ ಜಾತ್ರೆಗೆ ಮುಂಚೆ ನಮ್ಮೂರ ಕಡೆಯ ಹಳೇ ಮಹಾದೇವರ ಗುಡಿಗೆ ಎಣ್ಣೆಬಣ್ಣ ಹೊಡೆಸಿದರು. ಪಟ್ಟಿ ಕೇಳಲು ಬಂದಾಗ ನಾನೂ ಐನೂರು ರೂಪಾಯಿ ಕೊಟ್ಟೆ. ಆಮೇಲೆ ಹೋಗಿ ನೋಡಿದರೆ ಬಾಗಿಲ ಬಲಕ್ಕಿದ್ದ ಶಾಸನದ ಕಲ್ಲೂ ಬಣ್ಣದಾಗ ಮುಳುಗಿತ್ತು. ಕನ್ನಡ, ತೆಲುಗು ಎರಡೂ ಓದುವ ನನಗೆ ಅದರ ನಾಲ್ಕಾರು ಅಕ್ಷರ ಹತ್ತುತ್ತಿದ್ದವು; ಆ ಕಾಲಕ್ಕೆ ಎರಡೂ ಭಾಷೆಯ ಲಿಪಿ ಹೆಚ್ಚುಕಡಿಮೆ ಒಂದೇ. ಈಗ ಒಂದೂ ಕಾಣುವುದಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಅದ. ಅದಕ್ಕೇ ಈ ಮಾತು.

ಮುರುಮ, ಉಮರ್ಗಾ, ನಿಲಂಗಾ ಸೀಮೆಯಲ್ಲಿ ಯಾವ ಹಳೇ ಕಲ್ಲುಗುಡಿ ತೋರಿಸಿ ಕೇಳಿದರೂ ‘ಹೇಮಾಡಪಂತಿ’ ಅಂತಾರೆ. ಹೇಮಾದ್ರಿ 13ನೇ ಶತಮಾನದವನು, ದೇವಗಿರಿ ಯಾದವರ ಮಂತ್ರಿ. ಅವನಿಗಿಂತ ಮೊದಲು, 11-12ನೇ ಶತಮಾನದಲ್ಲಿ ಈ ಸೀಮೆ ಕಲ್ಯಾಣದ ಚಾಲುಕ್ಯರದು. ಅವರ ರಾಜಧಾನಿ, ಇಂದಿನ ಬಸವಕಲ್ಯಾಣ, ಇಲ್ಲಿಂದ ದೂರವೇನಲ್ಲ. ಎಲ್ಲ ಗುಡಿಗಳನ್ನೂ ಒಬ್ಬ ಮಂತ್ರಿಯ ಖಾತೆಗೆ ಬರೆಯುವುದು ಸರಿಯಲ್ಲ. ಹಾಗಂತ ಎಲ್ಲವೂ ನಮ್ಮವೇ ಎಂದು ಜಗಳಕ್ಕೆ ನಿಲ್ಲುವುದೂ ತರವಲ್ಲ. ಯಾರ ಕಾಲದ್ದೆಂದು ಸಾಕ್ಷಿ ಹೇಳಬೇಕಾದದ್ದು ಕಲ್ಲು.

ನಿಲಂಗಾದ ನೀಲಕಂಠೇಶ್ವರ ಗುಡಿಗೆ ಮೂರು ಗರ್ಭಗುಡಿ. ಹೊರಗೋಡೆಯ ಮೇಲೆ ಸುರಸುಂದರಿಯರ ಸಾಲು. ಇತ್ತ ಹುಮನಾಬಾದ ತಾಲೂಕಿನ ಜಲಸಂಗವಿ ಗುಡಿಯಲ್ಲೂ ಅಂಥವೇ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಾಕೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ ಬರೆಯುತ್ತ ನಿಂತಾಳೆ. 1076ರಿಂದ 1126ರವರೆಗೆ ಆಳಿದ ದೊರೆಯ ಹೆಸರನ್ನು ಅವಳ ಕೈಯ ಅಕ್ಷರವೇ ಹೇಳುತ್ತದೆ. ಅವಳ ಮೇಲೂ ಬಣ್ಣ ಬಳಿದಿದ್ದರೆ? ಈ ಎರಡು ಊರುಗಳ ನಡುವೆ ರಾಜ್ಯದ ಗಡಿ ಬಿದ್ದದ್ದು 1956ರಲ್ಲಿ. ಅಲ್ಲೀತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯಲ್ಲೇ ಇದ್ದವು.

ಈ ಗುಡಿಗಳ ಕಲ್ಲು ಗಾರೆಯಿಲ್ಲದೆ ಕೂತಿವೆ. ಕಲ್ಲಿಗೆ ಕಲ್ಲು ಕಚ್ಚಿಸಿ, ಮೇಲಿನ ಭಾರದಿಂದಲೇ ಬಿಗಿ ಮಾಡಿದ್ದಾರೆ. ಸಂದಿಗೆ ಸಿಮೆಂಟು ತುಂಬಿ ಮೇಲೆ ಎಣ್ಣೆಬಣ್ಣ ಬಳಿದರೆ ಒಳಗಿನ ಪಸೆ ಹೊರಬೀಳಲು ದಾರಿಯಿಲ್ಲ. ಬರುಬರುತ್ತ ಕಲ್ಲಿನ ಮೈ ಹಪ್ಪಳದಂತೆ ಏಳುತ್ತದೆ. ಜೋಳದ ಹಗೇವಿಗೆ ಪಸೆ ಹೊಕ್ಕರೆ ಏನಾಗುತ್ತದೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಉದಗೀರ, ಉಮರ್ಗಾದ ಅಡತಿ ಸಾಹುಕಾರರಲ್ಲಿ ನನ್ನ ವಿನಂತಿ ಇಷ್ಟೆ. ಗುಡಿಗೆ ದಾನ ಕೊಡುವಾಗ ಒಂದು ಮಾತು ಹಾಕಿರಿ: ಈ ಹಣ ಬಣ್ಣಕ್ಕಲ್ಲ, ಸಿಮೆಂಟಿಗಲ್ಲ. ಛತ್ತಿನ ಮೇಲಿನ ಆಲ, ಅರಳಿ ಸಸಿಗಳನ್ನು ಚಿಕ್ಕವಿದ್ದಾಗಲೇ ತೆಗೆಸಲಿ. ಮಳೆನೀರು ನಿಲ್ಲದಂತೆ ಮಾಡಲಿ. ಬಣ್ಣ ಬಿದ್ದ ಶಾಸನವನ್ನು ಉಳಿ, ಆಸಿಡ್ ಹಾಕಿ ಕೆರೆಯದೆ ಪುರಾತತ್ವ ಇಲಾಖೆಯವರನ್ನು ಕರೆಸಲಿ. ಗುಡಿ ಮುಂದೆ ಅದರ ಚರಿತ್ರೆ ಮರಾಠಿ, ಕನ್ನಡ ಎರಡರಲ್ಲೂ ಬರೆಸಲಿ. ಸಂತೆಯಲ್ಲಿ ಎರಡೂ ಭಾಷೆ ನಡೆಯುತ್ತವೆ. ಗುಡಿಯ ಮುಂದೆ ಯಾಕೆ ನಡೆಯಬಾರದು?

ಮುಂದಿನ ಜಾತ್ರೆಗೆ ಪಟ್ಟಿ ಕೇಳಲು ಬಂದರೆ ನಾನು ಮತ್ತೆ ಐನೂರು ಕೊಡುತ್ತೇನೆ. ಆದರೆ ಈ ಸಲ ಬಣ್ಣ ತೆಗೆಸುವುದಕ್ಕೆ.