ವಾಹನದ ಮಾರ್ಪಾಡು ಮತ್ತು ಕೊಳ್ಳುವವನ ಹಕ್ಕು

ಇಂದಿನದು ಯಂತ್ರಯುಗ. ಒಂದು ಕಾಲಕ್ಕೆ ಶ್ರೀಮಂತರ ಮನೆಯಂಗಳದಲ್ಲಿ ಮಾತ್ರ ಕಾಣುತ್ತಿದ್ದ ಮೋಟಾರು ವಾಹನವು ಇಂದು ಸಾಧಾರಣ ಸಂಸಾರಗಳ ಬಾಗಿಲಿಗೂ ಬಂದಿದೆ. ಊರು ಬಿಟ್ಟು ಮುಂಬಯಿಗೆ ಬಂದು, ಹೋಟೆಲಿನಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ತಿಂಗಳ ಕಂತು ಕಟ್ಟಿ ಕೊಂಡ ಸ್ಕೂಟರು ಅಥವಾ ರಿಕ್ಷಾ ನಮ್ಮಲ್ಲಿ ಅನೇಕರ ಮನೆಯ ಅನ್ನದ ದಾರಿಯಾಗಿದೆ. ಅಂತಹ ವಾಹನದೊಡನೆ ಬರುವ ಒಂದು ಚಿಕ್ಕ ಪುಸ್ತಕವನ್ನು ಮಾತ್ರ ನಾವು ತೆರೆದು ನೋಡುವುದು ವಿರಳ. ಅದೇ ವಾರಂಟಿ ಪುಸ್ತಕ. ಅದರ ಕುರಿತು ನಾಲ್ಕು ಮಾತುಗಳನ್ನು ವಿದ್ಯಾರ್ಥಿ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ವಾರಂಟಿ ಎಂದರೇನು? ತಾನು ತಯಾರಿಸಿದ ವಾಹನದಲ್ಲಿ ಇಂತಿಷ್ಟು ಕಾಲದೊಳಗೆ, ಇಂತಿಷ್ಟು ಕಿಲೋಮೀಟರು ಓಡುವುದರೊಳಗೆ ತಯಾರಿಕೆಯ ದೋಷ ಕಂಡುಬಂದರೆ ಹಣ ಪಡೆಯದೆ ಸರಿಪಡಿಸಿಕೊಡುವೆನೆಂದು ಕಂಪನಿಯು ಕೊಡುವ ವಚನವೇ ವಾರಂಟಿ. ಈ ವಚನದ ಬೆಲೆಯನ್ನು ನಾವು ವಾಹನದ ಬೆಲೆಯೊಳಗೇ ತೆತ್ತಿರುತ್ತೇವೆ. ಆದರೆ ವಚನದ ಬೆನ್ನಿಗೆ ಷರತ್ತುಗಳೂ ಇರುತ್ತವೆ. ಕಂಪನಿಯ ಒಪ್ಪಿಗೆ ಇಲ್ಲದೆ ವಾಹನದಲ್ಲಿ ಬದಲಾವಣೆ ಮಾಡಿದರೆ ವಾರಂಟಿ ನಡೆಯದೆಂಬುದು ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು.

ಹೊಸ ವಾಹನ ಬಂದೊಡನೆ ಅದನ್ನು ಸಿಂಗರಿಸುವ ಉತ್ಸಾಹ ಯುವಕರಲ್ಲಿ ಸಹಜ. ಕಣ್ಣು ಕೋರೈಸುವ ದೀಪ, ಕಿವಿಗಡಚಿಕ್ಕುವ ಹಾರ್ನು, ಅಗಲವಾದ ಟೈರು, ಗುಡುಗುವ ಸೈಲೆನ್ಸರು ಇವೆಲ್ಲ ಬಜಾರಿನಲ್ಲಿ ಸುಲಭವಾಗಿ ಸಿಗುತ್ತವೆ. ಹೆಚ್ಚು ವಿದ್ಯುತ್ತನ್ನು ಎಳೆಯುವ ದೀಪವೊಂದನ್ನು ಮೂಲ ವೈರಿಗೆ ಕತ್ತರಿ ಹಾಕಿ ಜೋಡಿಸಿದರೆಂದು ಭಾವಿಸೋಣ. ವೈರು ಕಾದು, ಅದರ ಹೊದಿಕೆ ಕರಗಿ, ಬೆಂಕಿಯೇ ಹೊತ್ತಬಹುದು. ಆ ನಷ್ಟಕ್ಕೆ ತಾನು ಹೊಣೆಯಲ್ಲವೆಂದು ಕಂಪನಿ ಹೇಳಿದರೆ ಅದು ನ್ಯಾಯವೇ ಸರಿ. ಆದರೆ ಅದೇ ಸ್ಕೂಟರಿನ ಷಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರತೊಡಗಿದಾಗ, "ನೀವು ದೀಪ ಬದಲಿಸಿದ್ದೀರಿ, ಆದುದರಿಂದ ಇಡೀ ವಾರಂಟಿ ರದ್ದು" ಎಂದರೆ ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತಲ್ಲವೇ?

ಈ ವಾದಕ್ಕೆ ಆಧಾರವಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದುದು ಅವುಗಳ ಮೇಲಿನ ಆರೋಪ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡಕೂಡದೆಂದೂ, ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದೆಂದೂ ಆಯೋಗವು ಆಜ್ಞಾಪಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ಆ ಆದೇಶವು ಹೊರಗಿನ ರಿಪೇರಿಗೆ ಸಂಬಂಧಿಸಿದುದೆಂಬುದು ನಿಜ. ಆದರೂ ಅದರ ತತ್ತ್ವವು ಮಾರ್ಪಾಡಿಗೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಯಾವ ಬದಲಾವಣೆಯಿಂದ ಯಾವ ಭಾಗ ಕೆಟ್ಟಿತೆಂಬುದನ್ನು ಕಂಪನಿಯೇ ತೋರಿಸಿಕೊಡಲಿ. ಯಂತ್ರದ ಗುಟ್ಟು ಬಲ್ಲವನು ಅದನ್ನು ತಯಾರಿಸಿದವನೇ ಹೊರತು ಕೊಂಡ ಬಡವನಲ್ಲ.

ಹಾಗೆಂದು ಎಲ್ಲ ಮಾರ್ಪಾಡುಗಳೂ ನಮ್ಮ ಹಕ್ಕೆಂದು ತಿಳಿಯಬಾರದು. ಕಂಪನಿಯು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದು. ಗುಡುಗುವ ಸೈಲೆನ್ಸರಿನಿಂದ ಒಬ್ಬನಿಗೆ ಮೋಜು. ಚಾಳಿನ ಕೋಣೆಯಲ್ಲಿ ಓದುವ ಹತ್ತು ಮಕ್ಕಳಿಗೆ, ಮಲಗಿರುವ ರೋಗಿಗೆ ಅದು ಹಿಂಸೆ. ಇನ್ನು ಅಂಗೀಕೃತ ಸಿ.ಎನ್.ಜಿ. ಕಿಟ್ಟನ್ನು ಕೂಡಿಸಲು, ಅಂಗವಿಕಲರ ಬಳಕೆಗೆ ತಕ್ಕಂತೆ ವಾಹನವನ್ನು ಬದಲಿಸಲು ಕಾಯಿದೆಯೇ ದಾರಿ ಮಾಡಿಕೊಟ್ಟಿದೆ. ಅನುಮತಿ ಪಡೆದು, ನೋಂದಣಿ ಪತ್ರದಲ್ಲಿ ಬರೆಯಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಆದರೆ ಸರಕಾರ ಒಪ್ಪಿದ ಮಾತ್ರಕ್ಕೆ ವಾರಂಟಿಯೂ ಉಳಿಯಿತೆಂದು ಭಾವಿಸಲಾಗದು. ಕಂಪನಿಯನ್ನು ಮೊದಲೇ ಕೇಳಿ ಅದರ ಉತ್ತರವನ್ನು ಬರಹದಲ್ಲಿ ಪಡೆಯುವುದು ಜಾಣತನ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು? ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈಯಿಂದ ಜಾರಿಯಲ್ಲಿದೆ. ಅನುಚಿತ ಕರಾರನ್ನು ಪ್ರಶ್ನಿಸುವ ಅವಕಾಶ ಇದರಲ್ಲಿದೆ. ದೂರುಗಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಂಡದ್ದಕ್ಕೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೆ ಮುನ್ನ 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು ಕನ್ನಡದಲ್ಲಿಯೂ ನಮ್ಮ ಅಹವಾಲನ್ನು ಕೇಳುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ಸಮಾಧಾನವಲ್ಲ.

ಆದರೆ ವಾರಂಟಿ ಪುಸ್ತಕವೇ ಕನ್ನಡದಲ್ಲಿ ಇಲ್ಲದಿದ್ದರೆ? ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಚ್ಚಾದ ಷರತ್ತನ್ನು ಓದಲಾರದ ತಂದೆಯೊಬ್ಬರು, ಅಂಗಡಿಯವನು ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ತಿಳಿಯದ ಭಾಷೆಯ ಷರತ್ತಿಗೆ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಕೊಳ್ಳುವವನ ಭಾಷೆಯಲ್ಲಿ ಷರತ್ತುಗಳನ್ನು ಕೊಡುವಂತೆ ಕಾನೂನು ಕಂಪನಿಗಳನ್ನು ಕಟ್ಟುಪಡಿಸಬೇಕು. ಆ ದಿನ ಬರುವವರೆಗೆ ಈ ಕೆಲಸ ನಮ್ಮದು.

ವಿದ್ಯಾರ್ಥಿ ಮಿತ್ರರೇ, ಮನೆಗೆ ಹೊಸ ವಾಹನ ಬಂದಾಗ ಪೂಜೆಗೆ ಹೂವು ತರುವ ಉತ್ಸಾಹದಲ್ಲಿಯೇ ಆ ಪುಸ್ತಕವನ್ನೂ ತೆರೆಯಿರಿ. ಒಂದೊಂದು ಷರತ್ತನ್ನೂ ಓದಿ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಯಹೇಳಿರಿ. ಬಿಲ್ಲು, ಸರ್ವಿಸಿನ ರಸೀತಿ, ಕಂಪನಿಯ ಪತ್ರ ಇವನ್ನು ಒಂದೆಡೆ ಜೋಪಾನವಾಗಿಡಿರಿ. ನಾವು ಶಾಲೆಯಲ್ಲಿ ಕಲಿತ ವಿದ್ಯೆಯು ಮನೆಯವರ ಬೆವರಿನ ಹಣವನ್ನು ಕಾಯುವಂತಾದರೆ ಅದಕ್ಕಿಂತ ಸಾರ್ಥಕವಾದ ವಿನಿಯೋಗ ಬೇರೆ ಯಾವುದಿದ್ದೀತು?