ಪುಕ್ಕಟೆ ಸಂಗೀತಕ್ಕೆ ಬೆಲೆಯಿಲ್ಲವೇ?

ಸಂಘದ ಸಭಾಗೃಹದಲ್ಲಿ ಒಂದು ಸಂಜೆ ಚೆಲ್ಲೋ ವಾದನ, ಅದರ ನಂತರ ಐರಿಷ್ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳು, ಪ್ರವೇಶ ಎಲ್ಲರಿಗೂ ಪುಕ್ಕಟೆ. ಇಷ್ಟೇ ನಮ್ಮ ಸೂಚನೆ. ಅದಕ್ಕೆ ಎದ್ದ ಆಕ್ಷೇಪಗಳನ್ನು ಕೇಳಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಕನ್ನಡ ಸಂಘಕ್ಕೂ ಐರ್ಲೆಂಡಿಗೂ ಏನು ಸಂಬಂಧವೆಂದು ಕೆಲವರು. ಟಿಕೆಟ್ಟಿಲ್ಲದಿದ್ದರೆ ಜನಕ್ಕೆ ಬೆಲೆ ತಿಳಿಯದೆಂದು ಕೆಲವರು. ತಟ್ಟೆ ಹಾಕಿ ಕೇಳಲು ಸಭಾಗೃಹವೇ ಬೇಕೆ ಎಂದು ಮತ್ತೆ ಕೆಲವರು.

ತಟ್ಟೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಗದಗಿನ ಹುಡುಗನೊಬ್ಬ ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ. ಆ ಹಾಡು ಹಿಡಿಸಿದ ಹುಚ್ಚಿನಲ್ಲೇ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್, ಜಲಂಧರವೆಂದು ಅಲೆದ ಮೇಲೆ ಗುರು ಸಿಕ್ಕಿದ್ದು ಊರ ಮಗ್ಗುಲಿನ ಕುಂದಗೋಳದಲ್ಲಿ: ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನಲ್ಲಿ ಆ ಶಿಷ್ಯ, ನಮ್ಮ ಭೀಮಸೇನ ಜೋಶಿಯವರು, ಪುಣೆಯಲ್ಲಿ ಉತ್ಸವ ಆರಂಭಿಸಿದರು. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ನಾವೆಲ್ಲ ಹೋಗುವ ಉತ್ಸವ ಅದೇ. ಆ ಅಂಗಡಿಯವನು ಹುಡುಗನಿಗೆ ಟಿಕೆಟ್ ಕೇಳಿದ್ದರೆ?

ಪುಕ್ಕಟೆಯೆಂದರೆ ಕೀಳೆನ್ನುವವರು ಅದೇ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಲಿ. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಅನ್ನವೂ ಪುಕ್ಕಟೆ, ಸಂಗೀತವೂ ಪುಕ್ಕಟೆ. ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದ ಬಸವರಾಜ ರಾಜಗುರುಗಳ ವಿದ್ಯೆ ಅಗ್ಗದ್ದೆಂದು ಯಾರಾದರೂ ಅಂದಾರೆಯೇ? ಟಿಕೆಟ್ಟೆಂದರೆ ಐದು ಮಂದಿಯ ಸಂಬಳದ ಸಂಸಾರದಲ್ಲಿ ಯಜಮಾನರೊಬ್ಬರೇ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಮಕ್ಕಳು.

ಇನ್ನು ಐರ್ಲೆಂಡ್. 1919ರಲ್ಲಿ ಮದನಪಲ್ಲಿಯಲ್ಲಿ 'ಜನಗಣಮನ'ದ ಧಾಟಿಗೆ ಸ್ವರಲಿಪಿ ಬರೆದ ಮಾರ್ಗರೆಟ್ ಕಸಿನ್ಸ್ ಐರಿಷ್ ಹೆಣ್ಣುಮಗಳು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳಲು ನೆರವಾದ ಜೇಮ್ಸ್ ಕಸಿನ್ಸ್ ಆಕೆಯ ಪತಿ. ಅದೇ ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ರಷ್ಯದ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಾಗಿ ಮೂಲೆ ಸೇರಿದ್ದಾಗ, 1940ರ ದಶಕದ ಕೊನೆಗೆ, ಅವರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಅವರೇ. ಅದರಿಂದ ಒಡೆಯರ ಕನ್ನಡತನವೇನೂ ಸವೆಯಲಿಲ್ಲ.

ಚೆಲ್ಲೋ ಎಂದರೆ ಬೆಚ್ಚಬೇಕಿಲ್ಲ. ಪಿಟೀಲಿನ ಬಳಗದ ದೊಡ್ಡಣ್ಣ ಅದು: ನಾಲ್ಕು ತಂತಿ, ಕುಳಿತು ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುತ್ತಾರೆ, ಧ್ವನಿ ಗಂಡಸಿನ ಕಂಠಕ್ಕೆ ಸಮೀಪ. ಹಾಗೆ ನೋಡಿದರೆ ಪಿಟೀಲೂ ಹಡಗಿನಲ್ಲಿ ಬಂದದ್ದೇ. ಅದಿಲ್ಲದ ಕಚೇರಿ ಎಲ್ಲಿದೆ? ತಟ್ಟೆಗಳಲ್ಲಿ ಡಬ್ಲಿನ್ನಿನ ಜಾನ್ ಫೀಲ್ಡ್ (1782–1837) ಇರಲಿ. ಪಿಯಾನೋ ಮೇಲೆ 'ನಾಕ್ಟರ್ನ್' ಎಂಬ ಇರುಳಿನ ಬಗೆಯ ರಚನೆಯನ್ನು ಶೋಪಾನನಿಗಿಂತ ಮೊದಲೇ ಹುಟ್ಟುಹಾಕಿದವನು. ಹದಿನೆಂಟರಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡು, ಹಾರ್ಪ್ ಕಲಿತು, ಊರೂರು ತಿರುಗಿ ನುಡಿಸಿದ ಕ್ಯಾರೊಲನ್ನನ ರಚನೆಗಳಿರಲಿ. ಗದಗಿನ ಕಡೆಯವರಿಗೆ ಆ ಕಥೆ ಹೊಸದೆನಿಸದು.

ಕುಂದಗೋಳದ, ಗದಗಿನ ಗಾಯಕರಿಗೆ ಪುಣೆಯ ಜನ ಕಿವಿಗೊಟ್ಟಾಗ ಮನೆಮಾತು ಯಾವುದೆಂದು ಕೇಳಲಿಲ್ಲ. ಆ ಔದಾರ್ಯವನ್ನು ಉಂಡವರು ನಾವು. ನಮ್ಮ ಬಾಗಿಲಿಗೆ ಚೆಲ್ಲೋ ಬಂದಾಗ ಜಾತಕ ಕೇಳುತ್ತೇವೆ!

ಖರ್ಚಿನ ಮಾತಿದ್ದರೆ ಹಾರ-ತುರಾಯಿ, ಶಾಲು, ಫಲತಾಂಬೂಲಗಳನ್ನು ಬಿಡಲಿ. ಅಧ್ಯಕ್ಷೀಯ ಭಾಷಣವನ್ನೂ ಬಿಟ್ಟರೆ ಹಣ ಉಳಿಯದಿದ್ದರೂ ವೇಳೆ ಉಳಿಯುತ್ತದೆ. ಬಾಗಿಲಲ್ಲಿ ಒಂದು ಡಬ್ಬಿ ಇಡಲಿ, ಹಾಕುವವರು ಹಾಕಲಿ. ಮುಂದಿನ ಎರಡು ಸಾಲು ಮಾತ್ರ ಗಣ್ಯರಿಗಲ್ಲ, ಮಕ್ಕಳಿಗೆ.